ಜಪಾನಿನ ಹೆಸರಾಂತ ಖಡ್ಗಗಳು: ಇತಿಹಾಸ ಎಷ್ಟು, ದಂತಕಥೆ ಎಷ್ಟು?

1945ರ ಡಿಸೆಂಬರ್. ಎರಡನೇ ಮಹಾಯುದ್ಧದಲ್ಲಿ ಸೋತ ಜಪಾನ್ ಮಿತ್ರಪಡೆಗಳ ಆಡಳಿತದಲ್ಲಿತ್ತು. ಜನರ ಬಳಿ ಇರುವ ಆಯುಧಗಳನ್ನೆಲ್ಲ ಒಪ್ಪಿಸಬೇಕು ಎಂಬ ಆದೇಶ ಹೊರಬಿದ್ದಿತ್ತು. ಒಂದು ಕಾಲಕ್ಕೆ ಇಡೀ ದೇಶವನ್ನು ಆಳಿದ್ದ ಟೊಕುಗಾವಾ ಮನೆತನದ ಅಂದಿನ ಯಜಮಾನ ಟೊಕುಗಾವಾ ಇಎಮಾಸಾ ಆ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದರು. ಮನೆತನದ ಖಡ್ಗಗಳನ್ನು ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿದರು. ಅವುಗಳಲ್ಲಿ 'ಹೊಂಜೊ ಮಸಮುನೆ' ಕೂಡ ಇತ್ತು. ಜಪಾನಿನಲ್ಲಿ ಈವರೆಗೆ ತಯಾರಾದ ಅತ್ಯುತ್ತಮ ಕತ್ತಿಗಳಲ್ಲಿ ಒಂದು ಎಂದು ತಜ್ಞರು ಎಣಿಸುವ ಖಡ್ಗ ಅದು.

1946ರ ಜನವರಿಯಲ್ಲಿ ಆ ಕತ್ತಿಗಳನ್ನು ಅಮೆರಿಕ ಸೇನೆಯವರೊಬ್ಬರು ಠಾಣೆಯಿಂದ ಪಡೆದುಕೊಂಡರು ಎಂದು ಹೇಳಲಾಗುತ್ತದೆ. ಅಲ್ಲಿಗೆ ಜಾಡು ಕಡಿದುಹೋಗಿದೆ. ಹೊಂಜೊ ಮಸಮುನೆ ಇಂದಿಗೂ ಸಿಕ್ಕಿಲ್ಲ.

ಜಪಾನಿನ ಖಡ್ಗಗಳ ಬಗ್ಗೆ ಸಿನಿಮಾ, ಆ್ಯನಿಮೆ, ವಿಡಿಯೊ ಗೇಮ್‌ಗಳಲ್ಲಿ ಕಥೆಗಳಿಗೆ ಬರವಿಲ್ಲ. ದೆವ್ವವನ್ನು ಕೊಂದ ಕತ್ತಿ, ಶಾಪ ತಗುಲಿದ ಕತ್ತಿ, ಗಾಳಿಯಲ್ಲಿ ಬೀಳುವ ಎಲೆಯನ್ನು ಸೀಳುವ ಕತ್ತಿ, ಹೀಗೆ. ಆದರೆ ಈ ಕಥೆಗಳ ಹಿಂದೆ ನಿಜವಾದ ಕಮ್ಮಾರರು, ನಿಜವಾದ ಕುಲುಮೆಗಳು, ಕೈಯಿಂದ ಕೈಗೆ ದಾಟಿದ ನಿಜವಾದ ಅಲಗುಗಳು ಇವೆ. ಯಾವುದು ಇತಿಹಾಸ, ಯಾವುದು ದಂತಕಥೆ? ಸಂಶೋಧಕರು ಇವೆರಡನ್ನು ಬೇರ್ಪಡಿಸುವುದು ಹೇಗೆ? ಇಲ್ಲಿದೆ ವಿವರ.

ಖಡ್ಗಕ್ಕೂ ಹೆಸರು, ಹೆಸರಿಗೂ ಪಟ್ಟಿ

ಜಪಾನಿನಲ್ಲಿ ಪ್ರಸಿದ್ಧ ಕತ್ತಿಗಳನ್ನು 'ಮೆಯ್ಬುತ್ಸು' ಎನ್ನುತ್ತಾರೆ. ಅಂದರೆ 'ಹೆಸರಾಂತ ವಸ್ತು'. ಇವುಗಳ ಹೆಸರು ಹೆಚ್ಚಾಗಿ ಎರಡು ಭಾಗಗಳಲ್ಲಿ ಇರುತ್ತದೆ. ಒಂದು ಭಾಗ ಕತ್ತಿಯನ್ನು ಮಾಡಿದ ಕಮ್ಮಾರನದು. ಇನ್ನೊಂದು ಭಾಗ ಅದರ ಒಡೆಯನದೋ, ಅದು ಮಾಡಿದ ಸಾಹಸದ್ದೋ, ಅಲಗಿನ ಮೇಲೆ ಕಾಣುವ ವಿನ್ಯಾಸದ್ದೋ ಆಗಿರುತ್ತದೆ. 'ಹೊಂಜೊ ಮಸಮುನೆ' ಎಂದರೆ ಹೊಂಜೊ ಎಂಬ ಸೇನಾನಿಯ ಬಳಿ ಇದ್ದ, ಮಸಮುನೆ ಮಾಡಿದ ಕತ್ತಿ. 'ಮಿಕಾಜುಕಿ ಮುನೆಚಿಕಾ' ಎಂದರೆ ಬಿದಿಗೆ ಚಂದ್ರನಂಥ ಗುರುತುಗಳಿರುವ, ಮುನೆಚಿಕಾ ಮಾಡಿದ ಕತ್ತಿ.

ಇಂಥ ಕತ್ತಿಗಳ ಪಟ್ಟಿಯೂ ಇದೆ. ಎಂಟನೇ ಶೋಗನ್ ಟೊಕುಗಾವಾ ಯೊಶಿಮುನೆಯ ಆಜ್ಞೆಯಂತೆ ಹೊನಾಮಿ ಎಂಬ ಮನೆತನ 18ನೇ ಶತಮಾನದ ಆರಂಭದಲ್ಲಿ ಇದನ್ನು ಸಿದ್ಧಪಡಿಸಿತು. ಆ ಕಾಲಮಾನದ ಹೆಸರಿನಿಂದಲೇ ಇದನ್ನು 'ಕ್ಯೋಹೊ ಮೆಯ್ಬುತ್ಸುಚೊ' ಎಂದು ಕರೆಯುತ್ತಾರೆ. ಹೊನಾಮಿಗಳು ಕತ್ತಿಗೆ ಸಾಣೆ ಹಿಡಿಯುವುದರಲ್ಲಿ, ಅದರ ಗುಣಮಟ್ಟ ನಿರ್ಧರಿಸುವುದರಲ್ಲಿ ತಲೆತಲಾಂತರದಿಂದ ಪಳಗಿದವರು. ಪ್ರತಿ ಕತ್ತಿಯ ಉದ್ದ, ಮೌಲ್ಯ, ಅದು ಯಾರಿಂದ ಯಾರಿಗೆ ಹೋಯಿತು ಎಂಬ ವಿವರ ಈ ಪಟ್ಟಿಯಲ್ಲಿದೆ. ಬೆಂಕಿಗೆ ಸಿಕ್ಕಿ ಹಾಳಾದ ಕತ್ತಿಗಳಿಗೂ ಅದರಲ್ಲಿ ಪ್ರತ್ಯೇಕ ಜಾಗ ಇದೆ. ಹಾಳಾದುದನ್ನೂ ದಾಖಲಿಸಿದ ಈ ಶ್ರದ್ಧೆಯೇ ಇಂದಿನ ಸಂಶೋಧಕರಿಗೆ ದೊಡ್ಡ ಆಸ್ತಿ.

ಮರಳಿನಿಂದ ಉಕ್ಕು, ಉಕ್ಕಿನಿಂದ ಅಲಗು

ದಂತಕಥೆಗಳನ್ನು ಒರೆಗೆ ಹಚ್ಚುವ ಮುನ್ನ ಈ ಕತ್ತಿ ಹುಟ್ಟುವ ಬಗೆ ತಿಳಿಯಬೇಕು.

ಜಪಾನಿನ ಸಾಂಪ್ರದಾಯಿಕ ಕತ್ತಿಗೆ ಬಳಸುವುದು 'ತಮಾಹಗಾನೆ' ಎಂಬ ಉಕ್ಕು. ಇದರ ಮೂಲ ಕಬ್ಬಿಣದ ಅಂಶವಿರುವ ಕಪ್ಪು ಮರಳು. 'ತತಾರಾ' ಎಂಬ ಮಣ್ಣಿನ ಕುಲುಮೆಯಲ್ಲಿ ಮರಳು ಮತ್ತು ಇದ್ದಿಲನ್ನು ಪದರ ಪದರವಾಗಿ ಹಾಕುತ್ತ, ತಿದಿಯಿಂದ ಗಾಳಿ ಊದುತ್ತ ಮೂರು ಹಗಲು ಮೂರು ರಾತ್ರಿ ಉರಿಸುತ್ತಾರೆ. ಕೊನೆಗೆ ಕುಲುಮೆಯನ್ನೇ ಒಡೆದು ಒಳಗಿನ ಉಕ್ಕಿನ ಗಡ್ಡೆಯನ್ನು ಹೊರಗೆಳೆಯುತ್ತಾರೆ. ಯುದ್ಧದ ನಂತರ ನಿಂತುಹೋಗಿದ್ದ ಈ ಪದ್ಧತಿಗೆ ಶಿಮಾನೆ ಪ್ರಾಂತ್ಯದ ಒಕುಇಜುಮೊ ಎಂಬಲ್ಲಿ 1977ರಲ್ಲಿ ಮರುಜೀವ ಸಿಕ್ಕಿತು. ಇಂದಿನ ಕತ್ತಿ ಕಮ್ಮಾರರಿಗೆ ಉಕ್ಕು ಮುಖ್ಯವಾಗಿ ಬರುವುದು ಅಲ್ಲಿಂದಲೇ.

ದಕ್ಷಿಣ ಭಾರತದ ಉಕ್ಕಿನ ವಿಧಾನ ಇದಕ್ಕಿಂತ ಬೇರೆ. ಇಲ್ಲಿ ಕಬ್ಬಿಣವನ್ನು ಮುಚ್ಚಿದ ಮಣ್ಣಿನ ಮೂಸೆಯಲ್ಲಿಟ್ಟು ಕರಗಿಸುತ್ತಿದ್ದರು. ಯುರೋಪಿಯನ್ನರು ಅದನ್ನು ಕರೆದ 'ವೂಟ್ಜ್' ಎಂಬ ಹೆಸರಿನ ಮೂಲ ನಮ್ಮ 'ಉಕ್ಕು' ಎಂಬ ಪದವೇ ಎಂಬುದು ವ್ಯಾಪಕವಾಗಿ ಒಪ್ಪಿತವಾದ ಅಭಿಪ್ರಾಯ. ತತಾರಾದ ಗಡ್ಡೆಯಲ್ಲಿ ಹಾಗಲ್ಲ, ಒಂದೊಂದು ಭಾಗದಲ್ಲಿ ಇಂಗಾಲ ಒಂದೊಂದು ಪ್ರಮಾಣದಲ್ಲಿ ಇರುತ್ತದೆ. ಕಮ್ಮಾರ ತುಂಡುಗಳನ್ನು ಆರಿಸಿ, ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿದು ಅದನ್ನು ಹದಕ್ಕೆ ತರಬೇಕು.

'ಈ ಕತ್ತಿಯನ್ನು ಸಾವಿರಾರು ಬಾರಿ ಮಡಚುತ್ತಾರೆ' ಎಂಬ ಮಾತು ಹುಟ್ಟಿದ್ದು ಇಲ್ಲೇ. ವಾಸ್ತವದಲ್ಲಿ ಮಡಚುವುದು ಸಾಮಾನ್ಯವಾಗಿ 10ರಿಂದ 15 ಬಾರಿ ಅಷ್ಟೇ. ಆದರೆ ಪ್ರತಿ ಮಡಿಕೆಗೂ ಪದರಗಳು ದುಪ್ಪಟ್ಟಾಗುತ್ತವೆ. 10 ಬಾರಿ ಮಡಚಿದರೆ 1,024 ಪದರ, 15 ಬಾರಿಗೆ 32,768 ಪದರ. ಸಾವಿರಾರು ಇರುವುದು ಪದರಗಳು, ಮಡಿಕೆಗಳಲ್ಲ. ಮಿತಿ ಮೀರಿ ಮಡಚಿದರೆ ಇಂಗಾಲ ಕಳೆದು ಉಕ್ಕು ಮೆತ್ತಗಾಗುತ್ತದೆ.

ಕೊನೆಯ ಹಂತವೇ ನಿರ್ಣಾಯಕ. ಅಲಗಿಗೆ ಜೇಡಿಮಣ್ಣು ಮೆತ್ತುತ್ತಾರೆ. ಬೆನ್ನಿನ ಕಡೆ ದಪ್ಪಗೆ, ಬಾಯಿಯ ಕಡೆ ತೆಳ್ಳಗೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಟ್ಟಿಯಾಗುತ್ತದೆ, ಬೆನ್ನು ನಿಧಾನವಾಗಿ ತಣಿದು ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಕತ್ತಿಗೆ ಅದರ ಬಾಗು ಬಹುಮಟ್ಟಿಗೆ ಬರುವುದೂ ಈ ಕ್ಷಣದಲ್ಲೇ. ಗಟ್ಟಿ ಮತ್ತು ಮೃದು ಭಾಗಗಳ ನಡುವೆ ಮೂಡುವ ಬಿಳಿಯ ಅಲೆಯಂಥ ಗೆರೆಯನ್ನು 'ಹಮೊನ್' ಎನ್ನುತ್ತಾರೆ. ಇದು ಒಬ್ಬೊಬ್ಬ ಕಮ್ಮಾರನಿಗೂ ಅವನದೇ ಕೈಬರಹ ಇದ್ದಂತೆ. ನೀರಿಗೆ ಅದ್ದಿದ ಆ ಕ್ಷಣದಲ್ಲಿ ಅಲಗು ಬಿರುಕು ಬಿಟ್ಟರೆ ಅಲ್ಲಿಯವರೆಗಿನ ಶ್ರಮವೆಲ್ಲ ವ್ಯರ್ಥ.

ಕುಸನಾಗಿ: ಯಾರೂ ನೋಡದ ಖಡ್ಗ

ಜಪಾನಿನ ಅತ್ಯಂತ ಪವಿತ್ರ ಖಡ್ಗ 'ಕುಸನಾಗಿ ನೊ ತ್ಸುರುಗಿ'. ಖಡ್ಗ, ಕನ್ನಡಿ, ಮಣಿ ಎಂಬ ಮೂರು ರಾಜಲಾಂಛನಗಳಲ್ಲಿ ಇದೂ ಒಂದು. 712ರ 'ಕೊಜಿಕಿ' ಮತ್ತು 720ರ 'ನಿಹೊನ್ ಶೊಕಿ' ಗ್ರಂಥಗಳಲ್ಲಿ ಇದರ ಕಥೆ ಬರುತ್ತದೆ.

ಸುಸಾನೊಒ ಎಂಬ ದೇವತೆ ಇಜುಮೊ ಸೀಮೆಯಲ್ಲಿ ಎಂಟು ತಲೆ, ಎಂಟು ಬಾಲಗಳ ಹಾವಿಗೆ ಸಾಕೆ ಮದ್ಯ ಕುಡಿಸಿ ಕೊಲ್ಲುತ್ತಾನೆ. ಬಾಲ ಕಡಿಯುವಾಗ ಅವನ ಕತ್ತಿಯ ಬಾಯಿ ಮುರಿಯುತ್ತದೆ. ಸೀಳಿ ನೋಡಿದರೆ ಒಳಗೊಂದು ದಿವ್ಯ ಖಡ್ಗ. ಅದನ್ನು ಅವನು ಸೂರ್ಯದೇವತೆ ಅಮತೆರಸುಗೆ ಒಪ್ಪಿಸುತ್ತಾನೆ. ಮುಂದೆ ಯಮಟೊ ತಕೆರು ಎಂಬ ರಾಜಕುಮಾರನನ್ನು ಶತ್ರುಗಳು ಹುಲ್ಲುಗಾವಲಿನಲ್ಲಿ ಸಿಲುಕಿಸಿ ಬೆಂಕಿ ಹಚ್ಚಿದಾಗ, ಅವನು ಇದೇ ಖಡ್ಗದಿಂದ ಹುಲ್ಲು ಕತ್ತರಿಸಿ ಪಾರಾಗುತ್ತಾನೆ. 'ಹುಲ್ಲು ಕಡಿಯುವ ಖಡ್ಗ' ಎಂಬ ಅರ್ಥದ ಹೆಸರು ಹೀಗೆ ಬಂತು ಎನ್ನುತ್ತದೆ ಕಥೆ.

ಇಜುಮೊ ಸೀಮೆ ಇರುವುದು ಇಂದಿನ ಶಿಮಾನೆಯಲ್ಲಿ, ಅಂದರೆ ತತಾರಾ ಕುಲುಮೆಗಳ ನಾಡಿನಲ್ಲೇ. ಕಬ್ಬಿಣದ ಮರಳು ತೊಳೆದು ಕೆಂಪಾಗಿ ಹರಿಯುವ ನದಿ, ಕುಲುಮೆಯ ಬೆಂಕಿ, ಅದರೊಳಗಿಂದ ಹೊರಬರುವ ಉಕ್ಕು, ಇವೇ ಹಾವಿನ ಕಥೆಯಾಗಿ ರೂಪ ಪಡೆದವು ಎಂದು ಕೆಲವು ವಿದ್ವಾಂಸರು ಅರ್ಥೈಸುತ್ತಾರೆ.

ಈ ಖಡ್ಗ ನಗೋಯಾದ ಅತ್ಸುತಾ ದೇಗುಲದಲ್ಲಿದೆ ಎಂಬುದು ಅಧಿಕೃತ ನಂಬಿಕೆ. 668ರಲ್ಲಿ ಒಬ್ಬ ಸನ್ಯಾಸಿ ಇದನ್ನು ಕದ್ದು ಕೊರಿಯಾದ ಸಿಲ್ಲಾ ರಾಜ್ಯಕ್ಕೆ ಒಯ್ಯಲು ಹೊರಟು ವಿಫಲನಾದ, 686ರಲ್ಲಿ ಚಕ್ರವರ್ತಿ ತೆಮ್ಮುವಿನ ಕಾಯಿಲೆಗೆ ಖಡ್ಗದ ಶಾಪವೇ ಕಾರಣ ಎಂದು ಶಕುನ ನುಡಿದಿದ್ದರಿಂದ ಅದನ್ನು ಅತ್ಸುತಾಗೆ ಕಳುಹಿಸಲಾಯಿತು ಎಂದು 'ನಿಹೊನ್ ಶೊಕಿ' ಹೇಳುತ್ತದೆ.

ಆದರೆ 1185ರ ದನ್‌ನೊಉರಾ ಕದನ ಈ ಇತಿಹಾಸಕ್ಕೆ ಒಂದು ತೊಡಕು ತಂದಿತು. ಸೋಲು ಖಚಿತವಾದಾಗ ಆರು ವರ್ಷದ ಬಾಲ ಚಕ್ರವರ್ತಿ ಅಂತೊಕುವನ್ನು ಎತ್ತಿಕೊಂಡು ಅಜ್ಜಿ ಸಮುದ್ರಕ್ಕೆ ಹಾರಿದಳು. ರಾಜಲಾಂಛನಗಳೂ ಜೊತೆಗೆ ನೀರುಪಾಲಾದವು. ಕನ್ನಡಿ, ಮಣಿ ಮತ್ತೆ ದೊರೆತವು. ಖಡ್ಗ ಸಿಗಲಿಲ್ಲ. ಮುಳುಗಿದ್ದು ಅರಮನೆಯಲ್ಲಿದ್ದ ಪ್ರತಿರೂಪ ಮಾತ್ರ, ಮೂಲ ಖಡ್ಗ ಅತ್ಸುತಾದಲ್ಲೇ ಇತ್ತು ಎಂಬುದು ಸಾಂಪ್ರದಾಯಿಕ ವಿವರಣೆ.

ಇದನ್ನು ಪರೀಕ್ಷಿಸುವ ದಾರಿ ಇಲ್ಲ. ದೇಗುಲದ ಖಡ್ಗವನ್ನು ಸಾರ್ವಜನಿಕರಿಗಾಗಲಿ, ಸಂಶೋಧಕರಿಗಾಗಲಿ ತೋರಿಸುವುದಿಲ್ಲ. 2019ರ ಮೇ 1ರಂದು ಚಕ್ರವರ್ತಿ ನರುಹಿಟೊ ಪಟ್ಟಕ್ಕೆ ಬಂದಾಗಲೂ ಜಗತ್ತು ಟಿವಿಯಲ್ಲಿ ಕಂಡದ್ದು ಮುಚ್ಚಿದ ಪೊಟ್ಟಣಗಳನ್ನಷ್ಟೇ. ಅತಿ ಹೆಚ್ಚು ಖ್ಯಾತಿಯ ಖಡ್ಗವೇ ಅತಿ ಕಡಿಮೆ ಜನ ಕಂಡ ಖಡ್ಗ.

ಆಕಾಶದಡಿಯ ಐದು ಶ್ರೇಷ್ಠ ಖಡ್ಗಗಳು

ಕುಸನಾಗಿಗೆ ವ್ಯತಿರಿಕ್ತವಾಗಿ, ಕಣ್ಣಾರೆ ಕಂಡು ಅಳೆಯಬಹುದಾದ ಐದು ಕತ್ತಿಗಳನ್ನು 'ತೆಂಕಾ ಗೊಕೆನ್' ಎಂದು ಕರೆಯುತ್ತಾರೆ. ಐದಕ್ಕೂ ಒಂದೊಂದು ಕಥೆ ಅಂಟಿಕೊಂಡಿದೆ.

ದೋಜಿಗಿರಿ ಯಸುತ್ಸುನಾ: ಓಎ ಬೆಟ್ಟದಲ್ಲಿ ಜನರನ್ನು ಪೀಡಿಸುತ್ತಿದ್ದ ಶುತೆನ್‌ದೋಜಿ ಎಂಬ ರಾಕ್ಷಸನ ತಲೆಯನ್ನು ಮಿನಾಮೊಟೊ ನೊ ಯೊರಿಮಿತ್ಸು ಎಂಬ ವೀರ ಇದರಿಂದಲೇ ಕಡಿದ ಎಂಬ ಪ್ರತೀತಿ. ಯೊರಿಮಿತ್ಸು ನಿಜವಾಗಿ ಬದುಕಿದ್ದ ವ್ಯಕ್ತಿ, ಸತ್ತಿದ್ದು 1021ರಲ್ಲಿ. ಹೋಕಿ ಸೀಮೆಯ ಯಸುತ್ಸುನಾ ಮಾಡಿದ ಸುಮಾರು 80 ಸೆಂ.ಮೀ. ಉದ್ದದ ಈ ಅಲಗು ಈಗ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಮಿಕಾಜುಕಿ ಮುನೆಚಿಕಾ: ಐದರಲ್ಲಿ ಅತ್ಯಂತ ಸುಂದರ ಎಂದು ಹೆಸರಾದದ್ದು. ಹಮೊನ್ ಉದ್ದಕ್ಕೂ ಬಿದಿಗೆ ಚಂದ್ರನಂಥ ಸಣ್ಣ ಗುರುತುಗಳಿವೆ. ಹಿಡೆಯೋಶಿಯ ಪತ್ನಿ ನೆನೆಯ ಬಳಿ ಇದ್ದು, ಬಳಿಕ ಟೊಕುಗಾವಾಗಳಿಗೆ ಸೇರಿತು. ಇದೂ ಟೋಕಿಯೊ ವಸ್ತುಸಂಗ್ರಹಾಲಯದಲ್ಲೇ ಇದೆ.

ಒನಿಮಾರು ಕುನಿತ್ಸುನಾ: ಕಾಮಕುರಾದ ಆಡಳಿತಗಾರನ ಕನಸಿನಲ್ಲಿ ನಿತ್ಯ ದೆವ್ವವೊಂದು ಕಾಡುತ್ತಿತ್ತು. ಒಂದು ದಿನ ಗೋಡೆಗೆ ಒರಗಿಸಿಟ್ಟಿದ್ದ ಕತ್ತಿ ತಾನಾಗಿ ಜಾರಿ, ಅಗ್ಗಿಷ್ಟಿಕೆಯ ಕಾಲಿಗೆ ಕೆತ್ತಿದ್ದ ದೆವ್ವದ ತಲೆಯನ್ನು ಕತ್ತರಿಸಿತು. ಅಂದಿನಿಂದ ಕನಸು ನಿಂತಿತು. ಈ ಕತ್ತಿ ಈಗ ಚಕ್ರವರ್ತಿ ಮನೆತನದ ಸಂಗ್ರಹಕ್ಕೆ ಸೇರಿದೆ.

ಓಡೆಂಟಾ ಮಿತ್ಸುಯೊ: ಕಾಯಿಲೆ ಗುಣಪಡಿಸುವ ಶಕ್ತಿ ಇದಕ್ಕಿದೆ, ಇದನ್ನಿಟ್ಟ ಉಗ್ರಾಣದ ಮಾಡಿನ ಮೇಲೆ ಹಕ್ಕಿಗಳೂ ಕೂರುತ್ತಿರಲಿಲ್ಲ ಎಂಬ ಕಥೆಗಳಿವೆ. ಮಯೆದಾ ಮನೆತನದ ಸಂಗ್ರಹವನ್ನು ನೋಡಿಕೊಳ್ಳುವ ಪ್ರತಿಷ್ಠಾನದ ಬಳಿ ಇದೆ.

ಜುಜುಮಾರು ತ್ಸುನೆತ್ಸುಗು: ಬೌದ್ಧ ಗುರು ನಿಚಿರೆನ್ ಇದರ ಹಿಡಿಗೆ ಜಪಮಾಲೆ ಸುತ್ತಿಟ್ಟುಕೊಳ್ಳುತ್ತಿದ್ದರು ಎಂಬ ನಂಬಿಕೆ. 'ಜುಜು' ಎಂದರೆ ಜಪಮಾಲೆ. 18ನೇ ಶತಮಾನದಲ್ಲಿ ಕಾಣೆಯಾದ ಇದು 1920ರಲ್ಲಿ ಮತ್ತೆ ಬೆಳಕಿಗೆ ಬಂತು. ಈಗ ಅಮಗಾಸಾಕಿಯ ಹೊಂಕೋಜಿ ದೇಗುಲದಲ್ಲಿದೆ.

ಇಲ್ಲಿ ಒನಿಮಾರು ಕಥೆ ಸಂಶೋಧನೆಗೆ ಒಳ್ಳೆಯ ಪಾಠ. 14ನೇ ಶತಮಾನದ 'ತೈಹೆಯ್ಕಿ' ಕಾವ್ಯಕಥನದಲ್ಲಿ ಕನಸು ಕಂಡವನು ಹೋಜೊ ತೊಕಿಮಾಸಾ. ಆದರೆ ತೊಕಿಮಾಸಾ 1215ರಲ್ಲೇ ತೀರಿಕೊಂಡ. ಕುನಿತ್ಸುನಾ ಕಾಮಕುರಾಗೆ ಬಂದದ್ದು ತೊಕಿಮಾಸಾನ ವಂಶದ ತೊಕಿಯೊರಿಯ ಕಾಲದಲ್ಲಿ, ಅಂದರೆ 13ನೇ ಶತಮಾನದ ನಡುಭಾಗದಲ್ಲಿ ಎಂಬುದು ಪರಂಪರೆ. ಹಾಗಾಗಿ ಕಥೆಯ ನಾಯಕ ತೊಕಿಯೊರಿ ಆಗಿರಬೇಕು ಎಂಬ ವಾದ ಇದೆ. ದೆವ್ವ ಇತ್ತೋ ಇಲ್ಲವೋ, ತಾರೀಕು ಹೊಂದುತ್ತದೆಯೇ ಎಂಬುದು ಸಂಶೋಧಕರ ಮೊದಲ ಪ್ರಶ್ನೆ.

ಮಸಮುನೆ ಮತ್ತು ಮುರಮಾಸ: ಎಂದೂ ನಡೆಯದ ಪಂದ್ಯ

ಅತಿ ಹೆಚ್ಚು ಹಂಚಿಕೆಯಾಗುವ ಕಥೆ ಇದು. ಮಸಮುನೆ ಮತ್ತು ಮುರಮಾಸ ತಂತಮ್ಮ ಕತ್ತಿಗಳನ್ನು ಹರಿಯುವ ತೊರೆಯಲ್ಲಿ ನಿಲ್ಲಿಸುತ್ತಾರೆ. ತೇಲಿ ಬಂದ ಎಲೆಗಳೆಲ್ಲ ಮುರಮಾಸನ ಕತ್ತಿಗೆ ತಾಗಿ ಎರಡು ಹೋಳಾಗುತ್ತವೆ. ಮಸಮುನೆಯ ಕತ್ತಿಯನ್ನು ಎಲೆಗಳು ಬಳಸಿಕೊಂಡು ಹೋಗುತ್ತವೆ. ಅನಗತ್ಯವಾಗಿ ಕಡಿಯದಿರುವುದೇ ಶ್ರೇಷ್ಠ ಖಡ್ಗದ ಲಕ್ಷಣ ಎಂಬುದು ಕಥೆಯ ನೀತಿ.

ನೀತಿ ಚೆನ್ನಾಗಿದೆ, ಆದರೆ ಕಾಲ ಕೂಡಿಬರುವುದಿಲ್ಲ. ಮಸಮುನೆ ಕಾಮಕುರಾದಲ್ಲಿ ಕೆಲಸ ಮಾಡಿದ್ದು 13ನೇ ಶತಮಾನದ ಕೊನೆ ಮತ್ತು 14ನೇ ಶತಮಾನದ ಆರಂಭದಲ್ಲಿ. ಇಸೆ ಸೀಮೆಯ ಕುವಾನಾದ ಮುರಮಾಸನ ಕತ್ತಿಗಳಲ್ಲಿ ಕಾಣುವ ಹಳೆಯ ತಾರೀಕು 1501. ಇಬ್ಬರ ನಡುವೆ ಸುಮಾರು ಎರಡು ಶತಮಾನಗಳ ಅಂತರ.

ಮುರಮಾಸನ ಕತ್ತಿಗಳಿಗೆ 'ಶಾಪ' ಅಂಟಿದ್ದು ಟೊಕುಗಾವಾ ಮನೆತನದ ಕಾರಣಕ್ಕೆ. ಇಎಯಾಸುವಿನ ಅಜ್ಜ ಕಿಯೊಯಾಸು 1535ರಲ್ಲಿ ಹತ್ಯೆಯಾದದ್ದು, ತಂದೆ ಗಾಯಗೊಂಡದ್ದು, 1579ರಲ್ಲಿ ಮಗ ನೊಬುಯಾಸುವಿನ ಆತ್ಮಾರ್ಪಣೆಯ ವೇಳೆ ತಲೆ ಕಡಿಯಲು ಬಳಸಿದ್ದು ಎಲ್ಲವೂ ಮುರಮಾಸ ಕತ್ತಿಗಳೇ ಎಂದು ಹೇಳಲಾಗುತ್ತದೆ. ಕಬುಕಿ ನಾಟಕಗಳು ಈ ಭಯವನ್ನು ಮನೆಮನೆಗೆ ಮುಟ್ಟಿಸಿದವು.

ಭೂಪಟ ನೋಡಿದರೆ ಇದಕ್ಕೆ ಸರಳ ವಿವರಣೆ ಸಿಗುತ್ತದೆ. ಕುವಾನಾಗೂ ಟೊಕುಗಾವಾಗಳ ತವರಾದ ಮಿಕಾವಾಗೂ ಹೆಚ್ಚು ದೂರವಿಲ್ಲ. ಹರಿತವಾದ, ಸುಲಭವಾಗಿ ಸಿಗುವ ಮುರಮಾಸ ಕತ್ತಿಗಳು ಅಲ್ಲಿನ ಬಹುತೇಕ ಯೋಧರ ಸೊಂಟದಲ್ಲಿದ್ದವು. ಎಲ್ಲರ ಬಳಿಯೂ ಇರುವ ಕತ್ತಿಯೇ ಎಲ್ಲ ಕೊಲೆಗಳಲ್ಲೂ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಇಎಯಾಸುವಿನ ಬಳಿಯೇ ಇದ್ದ ಮುರಮಾಸ ಕತ್ತಿಯೊಂದು ಇಂದಿಗೂ ನಗೋಯಾದ ಟೊಕುಗಾವಾ ಕಲಾ ಸಂಗ್ರಹಾಲಯದಲ್ಲಿದೆ. ಶಾಪಕ್ಕೆ ಹೆದರಿದ್ದರೆ ಆತ ಅದನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ಕಥೆಗೆ ಇನ್ನೊಂದು ಪರಿಣಾಮವೂ ಆಯಿತು. 19ನೇ ಶತಮಾನದಲ್ಲಿ ಟೊಕುಗಾವಾ ಆಡಳಿತದ ವಿರೋಧಿಗಳು 'ಟೊಕುಗಾವಾಗಳನ್ನು ಕೊಲ್ಲುವ ಕತ್ತಿ' ಎಂದೇ ಮುರಮಾಸ ಕತ್ತಿಗಳನ್ನು ಹುಡುಕಿಕೊಂಡು ಹೋದರು. ಬೇಡಿಕೆ ಏರಿದಂತೆ ನಕಲಿ ಸಹಿಗಳೂ ಹೆಚ್ಚಿದವು.

ಮಸಮುನೆಯ ಸಮಸ್ಯೆ ತಿರುಗುಮುರುಗು. ಅವನ ಸಹಿ ಇರುವ ಕತ್ತಿಗಳು ಬೆರಳೆಣಿಕೆಯಷ್ಟೇ. ಇದೇ ಕಾರಣಕ್ಕೆ 1890ರ ದಶಕದಲ್ಲಿ, 'ಮಸಮುನೆ ಎಂಬ ಮಹಾನ್ ಕಮ್ಮಾರನೇ ಇರಲಿಲ್ಲ, ಹಿಡೆಯೋಶಿ ತನ್ನ ಸೇನಾನಿಗಳಿಗೆ ಉಡುಗೊರೆ ಕೊಡಲು ಆ ಹೆಸರನ್ನು ದೊಡ್ಡದು ಮಾಡಲಾಯಿತು' ಎಂಬ ವಾದ ಜಪಾನಿನಲ್ಲಿ ಕೋಲಾಹಲ ಎಬ್ಬಿಸಿತ್ತು. ಹಿಡೆಯೋಶಿಗಿಂತ ಎಷ್ಟೋ ಮೊದಲಿನ ಖಡ್ಗ ಗ್ರಂಥಗಳಲ್ಲೇ ಮಸಮುನೆಯ ಹೆಸರಿರುವುದನ್ನು ವಿದ್ವಾಂಸರು ತೋರಿಸಿದ ಮೇಲೆ ಆ ವಾದ ನಿಲ್ಲಲಿಲ್ಲ.

ಹೊಂಜೊ ಮಸಮುನೆ: ದಾಖಲೆ ಇದ್ದೂ ಕಳೆದುಹೋದದ್ದು

ಈ ಕತ್ತಿಗೆ ಹೆಸರು ಕೊಟ್ಟವನು ಉಯೆಸುಗಿ ಕೆನ್ಶಿನ್‌ನ ಸೇನಾನಿ ಹೊಂಜೊ ಶಿಗೆನಾಗಾ. ಯುದ್ಧದಲ್ಲಿ ಎದುರಾಳಿಯ ಏಟಿಗೆ ಅವನ ಶಿರಸ್ತ್ರಾಣ ಸೀಳಿಹೋಯಿತು. ಆದರೂ ಬದುಕಿದ ಅವನು ಎದುರಾಳಿಯನ್ನು ಕೊಂದು ಕತ್ತಿಯನ್ನು ತನ್ನದಾಗಿಸಿಕೊಂಡ. ಮುಂದೆ ಹಣದ ಅಡಚಣೆ ಬಂದಾಗ ಅದನ್ನು ಹಿಡೆಯೋಶಿಯ ಸೋದರಳಿಯ ಹಿಡೆತ್ಸುಗುಗೆ 13 ದೊಡ್ಡ ಚಿನ್ನದ ನಾಣ್ಯಗಳಿಗೆ ಮಾರಿದ ಎನ್ನಲಾಗಿದೆ. ಹಲವು ಕೈ ದಾಟಿ ಕೊನೆಗೆ ಇಎಯಾಸುಗೆ ಸೇರಿತು. ಅಲ್ಲಿಂದ ಮುಂದೆ ಟೊಕುಗಾವಾ ಶೋಗನ್ ಮನೆತನದ ಹೆಮ್ಮೆಯ ಆಸ್ತಿಯಾಯಿತು. 1939ರಲ್ಲಿ ಅಂದಿನ ಕಾನೂನಿನಡಿ 'ರಾಷ್ಟ್ರೀಯ ನಿಧಿ' ಎಂಬ ಮನ್ನಣೆಯೂ ಸಿಕ್ಕಿತು.

ಇಷ್ಟೆಲ್ಲ ದಾಖಲೆ ಇದ್ದ ಖಡ್ಗ ಕಳೆದುಹೋದದ್ದು ಒಂದು ಹೆಸರಿನ ಗೊಂದಲದಲ್ಲಿ. ಪೊಲೀಸ್ ಠಾಣೆಯಿಂದ ಕತ್ತಿಗಳನ್ನು ಪಡೆದವರು ಅಮೆರಿಕದ 7ನೇ ಅಶ್ವದಳದ ಸಾರ್ಜೆಂಟ್ 'ಕೋಲ್ಡಿ ಬೈಮೋರ್' ಎಂದು ಜಪಾನಿ ಮೂಲಗಳು ಹೇಳುತ್ತವೆ. ಆ ಹೆಸರಿನ ಸೈನಿಕ ಸೇನಾ ದಾಖಲೆಗಳಲ್ಲಿ ಪತ್ತೆಯಾಗಿಲ್ಲ. ಇಂಗ್ಲಿಷ್ ಹೆಸರನ್ನು ಜಪಾನಿ ಕಿವಿ ಕೇಳಿಸಿಕೊಂಡು, ಜಪಾನಿ ಲಿಪಿಯಲ್ಲಿ ಬರೆದು, ಮತ್ತೆ ಇಂಗ್ಲಿಷಿಗೆ ತಿರುಗಿಸಿದಾಗ ಮೂಲ ರೂಪವೇ ಅಳಿಸಿಹೋಗಿರಬಹುದು ಎಂಬುದು ಸಾಮಾನ್ಯ ಊಹೆ. ಆರು ಶತಮಾನಕ್ಕೂ ಹೆಚ್ಚು ಕಾಲ ಉಳಿದ ಕತ್ತಿ, ಒಂದು ಸಹಿ ಸ್ಪಷ್ಟವಾಗಿಲ್ಲದ ಕಾರಣಕ್ಕೆ ಕೈತಪ್ಪಿತು.

ಅಮೆರಿಕದ ಮಿಸೌರಿಯ ಟ್ರೂಮನ್ ಗ್ರಂಥಾಲಯದಲ್ಲಿರುವ ಮಸಮುನೆ ಕತ್ತಿಯೇ ಇದು ಎಂಬ ತಪ್ಪು ಮಾಹಿತಿಯೂ ಆಗಾಗ ಹರಿದಾಡುತ್ತದೆ. ಅದು ಜನರಲ್ ವಾಲ್ಟರ್ ಕ್ರೂಗರ್ ಅಧ್ಯಕ್ಷ ಟ್ರೂಮನ್‌ಗೆ ಕೊಟ್ಟ ಬೇರೆ ಕತ್ತಿ.

ಹೋದವು ಎಷ್ಟೋ, ಮರಳಿದವು ಕೆಲವು

1588ರಲ್ಲಿ ಹಿಡೆಯೋಶಿ ರೈತರಿಂದ ಕತ್ತಿಗಳನ್ನು ಕಿತ್ತುಕೊಂಡ. 1876ರಲ್ಲಿ ಮೆಯ್ಜಿ ಸರ್ಕಾರ ಸಮುರಾಯ್‌ಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಆದರೆ 1945ರ ನಂತರದ ಹೊಡೆತ ಇವೆರಡಕ್ಕಿಂತ ದೊಡ್ಡದು. ಲಕ್ಷಾಂತರ ಕತ್ತಿಗಳು ವಶವಾದವು. ಎಷ್ಟೋ ಕರಗಿದವು, ಸಮುದ್ರದ ಪಾಲಾದವು, ಇನ್ನೆಷ್ಟೋ ಸೈನಿಕರ ಚೀಲದಲ್ಲಿ ನೆನಪಿನ ಕಾಣಿಕೆಯಾಗಿ ಅಮೆರಿಕಕ್ಕೆ ಹೋದವು. ಕತ್ತಿ ಕೇವಲ ಆಯುಧವಲ್ಲ, ಕಲಾಕೃತಿ ಎಂದು ಹೊಮ್ಮಾ ಜುಂಜಿಯಂಥ ಜಪಾನಿ ತಜ್ಞರು ಮನವರಿಕೆ ಮಾಡಿಕೊಟ್ಟ ಮೇಲೆ ಕಲಾಮೌಲ್ಯವುಳ್ಳವುಗಳಿಗೆ ವಿನಾಯಿತಿ ಸಿಕ್ಕಿತು. 1948ರಲ್ಲಿ ಖಡ್ಗ ಕಲೆಯ ಸಂರಕ್ಷಣೆಗೆ ಪ್ರತ್ಯೇಕ ಸಂಘವೇ ಸ್ಥಾಪನೆಯಾಯಿತು.

ಕೆಲವು ಕತ್ತಿಗಳು ಮನೆಗೆ ಮರಳಿದ್ದೂ ಉಂಟು. ಕಾಗೊಶಿಮಾದ ತೆರುಕುನಿ ದೇಗುಲಕ್ಕೆ ಸೇರಿದ್ದ ಕುನಿಮುನೆಯ ಕತ್ತಿ ಯುದ್ಧಾನಂತರ ಕಾಣೆಯಾಗಿತ್ತು. ಅದು ಅಮೆರಿಕದ ಸಂಗ್ರಾಹಕ ವಾಲ್ಟರ್ ಕಾಂಪ್ಟನ್ ಅವರ ಕೈಸೇರಿತು. ಅದರ ಮೂಲ ತಿಳಿದ ಕಾಂಪ್ಟನ್ 1960ರ ದಶಕದಲ್ಲಿ ಬಿಡಿಗಾಸೂ ಪಡೆಯದೆ ಹಿಂದಿರುಗಿಸಿದರು.

ಕುಮಾಮೊಟೊದ ಅಸೊ ದೇಗುಲದ 'ಹೊತಾರುಮಾರು' ಮಾತ್ರ ಮರಳಲಿಲ್ಲ. 1336ರ ಕದನದಲ್ಲಿ ಇದರ ಬಾಯಿ ಅಲ್ಲಲ್ಲಿ ಮುಕ್ಕಾಗಿತ್ತು. ಆ ರಾತ್ರಿ ಮಿಂಚುಹುಳುಗಳು ಬಂದು ಕುಳಿತಂತೆ ಒಡೆಯ ಕನಸು ಕಂಡ, ಬೆಳಗ್ಗೆ ನೋಡಿದರೆ ಕತ್ತಿ ಸರಿಹೋಗಿತ್ತು ಎಂಬುದು ಕಥೆ. 'ಹೊತಾರು' ಎಂದರೆ ಮಿಂಚುಹುಳು. ಯುದ್ಧಾನಂತರದ ಜಪ್ತಿಯಲ್ಲಿ ಇದು ಕಾಣೆಯಾಯಿತು. 2015ರಲ್ಲಿ ಕ್ರೌಡ್‌ಫಂಡಿಂಗ್ ಮೂಲಕ ಹಣ ಕೂಡಿಸಿ, ಕಮ್ಮಾರರು ಅದರ ಪ್ರತಿರೂಪ ತಯಾರಿಸಿ ದೇಗುಲಕ್ಕೆ ಅರ್ಪಿಸಿದರು. ಈ ನಡುವೆ 2016ರ ಭೂಕಂಪದಲ್ಲಿ ದೇಗುಲದ ಕಟ್ಟಡಗಳೇ ಕುಸಿದಿದ್ದವು.

ಕತ್ತಿಯ ಜಾತಕ ಓದುವುದು ಹೇಗೆ?

ಕತ್ತಿಯ ನಿಜವಾದ ದಾಖಲೆ ಹಿಡಿಯೊಳಗೆ ಅಡಗಿರುತ್ತದೆ. ಅಲಗಿನ ಬಾಲದಂಥ ಆ ಭಾಗವನ್ನು 'ನಕಾಗೊ' ಎನ್ನುತ್ತಾರೆ. ಕಮ್ಮಾರ ತನ್ನ ಹೆಸರು, ಊರು, ಕೆಲವೊಮ್ಮೆ ತಾರೀಕು ಕೆತ್ತುವುದು ಅಲ್ಲೇ. ಆ ಭಾಗದ ತುಕ್ಕನ್ನು ಎಂದೂ ಉಜ್ಜಿ ತೆಗೆಯಬಾರದು. ತುಕ್ಕಿನ ಬಣ್ಣವೇ ವಯಸ್ಸಿನ ಸಾಕ್ಷಿ. ಅದನ್ನು ಹೊಳೆಯುವಂತೆ ಮಾಡಿದರೆ ಕತ್ತಿಯ ಮೌಲ್ಯ ಕುಸಿಯುತ್ತದೆ.

ತೊಡಕು ಏನೆಂದರೆ, ಕುದುರೆ ಮೇಲಿನ ಯುದ್ಧಕ್ಕೆ ಮಾಡಿದ ಉದ್ದ ಕತ್ತಿಗಳನ್ನು ಮುಂದಿನ ಶತಮಾನಗಳಲ್ಲಿ ಬಾಲದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿದರು. ಅದರೊಂದಿಗೆ ಸಹಿಯೂ ಹೋಯಿತು. ಅಂಥವನ್ನು ಹೊನಾಮಿ ತಜ್ಞರು ಪರಿಶೀಲಿಸಿ, ಕಮ್ಮಾರನ ಹೆಸರನ್ನು ಚಿನ್ನದಲ್ಲಿ ಕೂರಿಸುತ್ತಿದ್ದರು. 'ಒರಿಗಾಮಿ' ಎಂಬ ಮಡಚಿದ ಕಾಗದದ ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಅಲಗಿನ ಆಕಾರ, ಸಹಿ, ಹಮೊನ್‌ಗಳನ್ನು ಕಾಗದದ ಮೇಲೆ ಇಳಿಸಿಕೊಳ್ಳುವ 'ಒಶಿಗಾತಾ' ಎಂಬ ಅಚ್ಚುಗಳೂ ಇವೆ. ಕಳೆದುಹೋದ ಕತ್ತಿ ಮುಂದೊಂದು ದಿನ ಸಿಕ್ಕರೆ, ಅದು ಹೌದೋ ಅಲ್ಲವೋ ಎಂದು ಹೇಳಲು ಇವೇ ಬೆರಳಚ್ಚು.

ಭಾರತೀಯರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಇದೆ. ಹಲವು ಅಲಗುಗಳ ಮೇಲೆ ಸಂಸ್ಕೃತದ ಬೀಜಾಕ್ಷರಗಳನ್ನು ಸಿದ್ಧಂ ಲಿಪಿಯಲ್ಲಿ ಕೆತ್ತಿರುತ್ತಾರೆ. ಜಪಾನಿಯಲ್ಲಿ ಇದನ್ನು 'ಬೊಂಜಿ' ಎನ್ನುತ್ತಾರೆ. ಖಡ್ಗವನ್ನು ಸುತ್ತಿಕೊಂಡ ನಾಗದ ಕೆತ್ತನೆಯೂ ಸಾಮಾನ್ಯ. ಅದು ಭಾರತದಿಂದ ಬೌದ್ಧ ಧರ್ಮದ ಜೊತೆ ಪೂರ್ವಕ್ಕೆ ಹೋದ ಅಚಲನಾಥನ, ಜಪಾನಿಯರ ಫುದೊ ಮ್ಯೋಒನ, ಸಂಕೇತ.

ಇಂದು ಏನು ಸ್ಥಿತಿ?

ಜಪಾನಿನಲ್ಲಿ ಇಂದು ಕತ್ತಿ ಇಟ್ಟುಕೊಳ್ಳಲು ಕತ್ತಿಗೇ ನೋಂದಣಿ ಪತ್ರ ಇರಬೇಕು. ಹೊಸ ಕತ್ತಿ ಮಾಡಲು ಕಮ್ಮಾರನಿಗೆ ಪರವಾನಗಿ ಬೇಕು. ಅದಕ್ಕೆ ಪರವಾನಗಿ ಪಡೆದ ಗುರುವಿನ ಬಳಿ ಐದು ವರ್ಷ ಕಲಿಯಬೇಕು. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವಂತಿಲ್ಲ. ಕಲಿಯುವ ಐದು ವರ್ಷ ಆದಾಯವಿಲ್ಲದ ಕಾರಣ ಹೊಸಬರು ಬರುವುದು ಕಡಿಮೆಯಾಗಿದೆ.

ಮತ್ತೊಂದು ಕಡೆ ಆಸಕ್ತಿ ಹೆಚ್ಚುತ್ತಿದೆ. 2015ರಲ್ಲಿ ಬಂದ 'ತೋಕೆನ್ ರಾನ್ಬು' ಎಂಬ ಆನ್‌ಲೈನ್ ಗೇಮ್ ಹಳೆಯ ಕತ್ತಿಗಳನ್ನೇ ಪಾತ್ರಗಳನ್ನಾಗಿ ಮಾಡಿತು. ವಸ್ತುಸಂಗ್ರಹಾಲಯಗಳ ಖಡ್ಗ ವಿಭಾಗಕ್ಕೆ ಯುವತಿಯರು ಸಾಲುಗಟ್ಟಿ ಬರತೊಡಗಿದರು. ಓಕಯಾಮಾ ಪ್ರಾಂತ್ಯದ ಸೆತೊಉಚಿ ಎಂಬ ಸಣ್ಣ ನಗರ, ಉಯೆಸುಗಿ ಕೆನ್ಶಿನ್‌ನ ಬಳಿ ಇದ್ದ 'ಸಾಂಚೋಮೊ' ಎಂಬ ರಾಷ್ಟ್ರೀಯ ನಿಧಿಯನ್ನು 2020ರಲ್ಲಿ 50 ಕೋಟಿ ಯೆನ್‌ಗೆ ಖರೀದಿಸಿತು. ಹಣ ಬಂದದ್ದು ಮುಖ್ಯವಾಗಿ ದೇಶದ ನಾನಾ ಕಡೆಯ ಜನರ ದೇಣಿಗೆಯಿಂದ. ಆ ಕತ್ತಿ ಹುಟ್ಟಿದ್ದು ಅದೇ ಬಿಜೆನ್ ಸೀಮೆಯ ಕುಲುಮೆಯಲ್ಲಿ, 13ನೇ ಶತಮಾನದಲ್ಲಿ.

ಜಪಾನ್ ಪ್ರವಾಸಕ್ಕೆ ಹೋಗುವವರು ಟೋಕಿಯೊದ ಉಯೆನೊದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ, ನಗೋಯಾದ ಟೊಕುಗಾವಾ ಕಲಾ ಸಂಗ್ರಹಾಲಯ, ಸೆತೊಉಚಿಯ ಬಿಜೆನ್ ಓಸಾಫುನೆ ಖಡ್ಗ ಸಂಗ್ರಹಾಲಯಗಳಲ್ಲಿ ಇಂಥ ಕತ್ತಿಗಳನ್ನು ನೋಡಬಹುದು. ಅಲಗುಗಳನ್ನು ಸರದಿಯಂತೆ ಬದಲಿಸಿ ಪ್ರದರ್ಶಿಸುವುದರಿಂದ, ನಿರ್ದಿಷ್ಟ ಕತ್ತಿ ಆ ದಿನಗಳಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೊಂಜೊ ಮಸಮುನೆಯ ಹುಡುಕಾಟವೂ ನಿಂತಿಲ್ಲ. ಅದರ ಉದ್ದ ಸುಮಾರು 65 ಸೆಂ.ಮೀ. ಎಂಬುದು ದಾಖಲೆಯಲ್ಲಿದೆ, ಅಲಗಿನ ಲಕ್ಷಣಗಳ ವಿವರವೂ ಉಳಿದಿದೆ. ಅಮೆರಿಕದಲ್ಲಿ ಮಾಜಿ ಸೈನಿಕರ ಮನೆಗಳ ಅಟ್ಟ, ಪೆಟ್ಟಿಗೆಗಳಿಂದ ಹಳೆಯ ಜಪಾನಿ ಕತ್ತಿಗಳು ಈಗಲೂ ಹೊರಬರುತ್ತಿರುತ್ತವೆ. ಅಂಥದೊಂದು ಕತ್ತಿ ಕೈಗೆ ಬಂದವರಿಗೆ ತಜ್ಞರು ಹೇಳುವ ಮೊದಲ ಮಾತು ಒಂದೇ: ತುಕ್ಕು ಉಜ್ಜಬೇಡಿ, ಸಾಣೆ ಹಿಡಿಯಬೇಡಿ, ಮೊದಲು ತಿಳಿದವರಿಗೆ ತೋರಿಸಿ.